ತಮಟೆಯ ದನಿ

ತಮಟೆ ಬಯಲಿನಲ್ಲಿ ಊರಿಗೆಲ್ಲ ಕೇಳಿಸಲೆಂದು ಹುಟ್ಟಿದ ವಾದ್ಯ. ಫೋನು ಬಾಯಿಯ ಬಳಿ ಮೆಲ್ಲಗೆ ಆಡಿದ ಮಾತನ್ನು ಹಿಡಿಯಲೆಂದು ಹುಟ್ಟಿದ ಯಂತ್ರ. ಇವೆರಡಕ್ಕೂ ಸ್ನೇಹ ಕೂಡಿಸುವುದು ಸುಲಭವಲ್ಲ. ಧ್ವನಿಮುದ್ರಣ ಒಡೆದು ಕೇಳಿದರೆ ಜನ ಮೊದಲು ದೂರುವುದು ವಾದ್ಯವನ್ನೇ: "ಹಳತಾಯಿತು, ಫೈಬರಿನದೊಂದು ತನ್ನಿ" ಎನ್ನುತ್ತಾರೆ.

ನಮ್ಮ ದೊಡ್ಡಪ್ಪನ ತಮಟೆ ಅಂಥ ಹಳತು. ಕಬ್ಬಿಣದ ಬಳೆ ಎರಡು ಕಡೆ ಬೆಸುಗೆ ಕಂಡಿದೆ. ಅವರ ತೋಳೂ ಈಗ ಬೇಗ ಸೋಲುತ್ತದೆ. 1957ರ ಸೆಪ್ಟೆಂಬರಿನಲ್ಲಿ ಗ್ರಾಮದಾನ ಸಮ್ಮೇಳನ ನಡೆದುದರಿಂದ ನಮ್ಮ ಇಲವಾಲದ ಹೆಸರು ಪುಸ್ತಕಗಳಿಗೆ ಸೇರಿತು. ದೊಡ್ಡಪ್ಪ ಬಾರಿಸುವ ಗತ್ತುಗಳಿಗೆ ಪುಸ್ತಕವಿಲ್ಲ. ಅವನ್ನು ಹಿಡಿದಿಡಬೇಕೆಂದು ಕಳೆದ ರಜೆಯಲ್ಲಿ ಹೊರಟೆ.

ಮೊದಲ ಪಾಠ ಬೆಂಕಿಯದು. ಚರ್ಮ ಗಾಳಿಯ ತೇವವನ್ನು ಹೀರಿ ಸಡಿಲಾಗುತ್ತದೆ. ಹುಲ್ಲಿನ ಉರಿಗೆ ಹಿಡಿದರೆ ತೇವ ಆರಿ, ಬಿಗಿದು, ಶ್ರುತಿ ಏರುತ್ತದೆ. ಬಿಸಿ ಆರಿದಂತೆ ಶ್ರುತಿಯೂ ಇಳಿಯುವುದರಿಂದ ಕಾಯಿಸಿದ ಕೂಡಲೇ ಮುದ್ರಿಸಬೇಕು. ಎರಡನೆಯದು ದೂರದ್ದು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆಯ ಗೋಡೆಗಳ ಮಾರ್ದನಿ ಬೇಡವೆಂದು ಹುಣಸೂರು ರಸ್ತೆಯ ಬಸ್ಸು ಲಾರಿಗಳ ಸದ್ದಿನಿಂದಾಚೆ ಹೊಲಕ್ಕೆ ಹೋದೆವು. ಹನ್ನೆರಡು ಅಡಿ ದೂರದಲ್ಲಿ ಫೋನಿಟ್ಟು, ಗಾಳಿ ಹೊಡೆಯದಂತೆ ತೆಳು ಬಟ್ಟೆ ಮುಚ್ಚಿದೆವು. ಫೋನು ತಾನಾಗಿ ಸದ್ದನ್ನು ಏರಿಳಿಸದಂತೆ ಮಟ್ಟವನ್ನು ಕೈಯಾರೆ ಹೊಂದಿಸಿದೆ.

ಮೂರನೆಯದು ದಿಕ್ಕಿನದು. ತಮಟೆಯ ಹಿಂಬದಿ ತೆರೆದಿರುತ್ತದೆ. ಚರ್ಮದ ಮುಂದಿನ ಅಲೆಯೂ ಹಿಂದಿನ ಅಲೆಯೂ ಅಂಚಿನ ಬಳಿ ಒಂದನ್ನೊಂದು ಅಳಿಸುವುದರಿಂದ ಪಕ್ಕದಲ್ಲಿ ನಿಂತವನಿಗೆ ದನಿ ಬಡವಾಗಿ ಕೇಳುತ್ತದೆ. ನೇರ ಎದುರಿಗಿಟ್ಟರೆ ಕೋಲಿನ ಏಟೇ ಮುಂದಾಗುತ್ತದೆ. ಎದುರಿನಿಂದ ತುಸು ಓರೆಯಾಗಿಟ್ಟಾಗ ಎರಡೂ ಹದಕ್ಕೆ ಬಂದವು.

ದೊಡ್ಡಪ್ಪ ಕೇಳಿ ಹೇಳಿದ್ದು ಒಂದೇ ಮಾತು: "ಎಡಗೈ ಕಡ್ಡಿ ಕೇಳ್ತಾ ಅದೆ ಕಣ್ ಮಗ." ಬಲಗೈಯ ದಪ್ಪ ಕೋಲಿನ ಗುಡುಗಿನಡಿಯಲ್ಲಿ ಎಡಗೈಯ ತೆಳು ಕಡ್ಡಿ ಬೇರೆಯಾಗಿ ಕೇಳಿಸುವುದೇ ಒಳ್ಳೆಯ ಮುದ್ರಣದ ಲಕ್ಷಣವೆಂದು ಆಗ ತಿಳಿಯಿತು. ಹಳೆಯ ತಮಟೆಗೆ ದನಿ ಕಡಮೆಯಿರಲಿಲ್ಲ.

ಹಬ್ಬದ, ಮೆರವಣಿಗೆಯ, ಕುಣಿತದ ಗತ್ತುಗಳು ಹೀಗೆ ದಕ್ಕಿದವು. ಸಾವಿನ ಗತ್ತನ್ನು ಕೇಳಿದಾಗ ಅವರು ತಮಟೆಯನ್ನು ಕೆಳಗಿಟ್ಟರು. "ಅದ ಸುಮ್ನೆ ಬಡೀಬಾರ್ದು" ಎಂದರು. ನಾನು ಒತ್ತಾಯಿಸಲಿಲ್ಲ. ಯಂತ್ರಕ್ಕೆ ಕೊಡದ ಅದನ್ನು ಕೈಯಿಂದ ಕೈಗೆ ಕೊಡಬಹುದೇ ಎಂದು ಮಾತ್ರ ಕೇಳಿದೆ.

ಓದಿದ ಹುಡುಗ ತಮಟೆ ಹಿಡಿಯಬಾರದೆಂಬುದು ನಮ್ಮ ಮನೆಯ ಕಟ್ಟಪ್ಪಣೆ. ಅದರ ಹಿಂದೆ ಹಿರಿಯರು ನುಂಗಿದ ಅವಮಾನವಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಇದೇ ತಮಟೆಗಾಗಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವಮಾನ ಬಾರಿಸುವ ಕೈಯದಲ್ಲ, ಆ ಕೈಯನ್ನು ಕೀಳೆಂದ ಕಣ್ಣಿನದು.

ದೊಡ್ಡಪ್ಪ ಬಹಳ ಹೊತ್ತು ಯೋಚಿಸಿದರು. ಆಮೇಲೆ ತೆಳು ಕಡ್ಡಿಯನ್ನು ನನ್ನ ಎಡಗೈಗೆ ಕೊಟ್ಟು, ಹೆಬ್ಬೆರಳನ್ನು ಎಲ್ಲಿಡಬೇಕೆಂದು ತೋರಿಸಿದರು.