ತಂಗಡಿ ಗಿಡ ಮತ್ತು ಒಂದು ಚರ್ಮದ ಡಬ್ಬಿ

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಅಲ್ಲಿಂದ ಚಿಂತಾಮಣಿ. ಪಡುವಣಕ್ಕೆ ತಿರುಗಿದರೆ ಗೌರಿಬಿದನೂರು. ಯಾವ ದಾರಿ ಹಿಡಿದರೂ ಬಂಡೆಗಲ್ಲಿನ ಗುಡ್ಡ, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ. ರಸ್ತೆಯ ಅಂಚಿನಲ್ಲಿ ಯಾರೂ ನೆಡದ, ಯಾರೂ ನೀರು ಹಾಕದ ಒಂದು ಗಿಡ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಅದೇ ತಂಗಡಿ, ಆವರಿಕೆ ಎಂದೂ ಕರೆಯುತ್ತಾರೆ. ತೆಲಂಗಾಣಕ್ಕೆ ಅದು ರಾಜ್ಯದ ಹೂವು. ನಮ್ಮಲ್ಲಿ ಮೇಕೆಯೂ ಅದರ ಕಡೆ ಅಷ್ಟಾಗಿ ತಿರುಗಿ ನೋಡುವುದಿಲ್ಲ!

ರಜೆಯಲ್ಲಿ ಮೊಮ್ಮಗಳೊಂದಿಗೆ ಈ ನಾಲ್ಕೂ ಊರು ಸುತ್ತಿದೆ. ಶಿಡ್ಲಘಟ್ಟದ ಹತ್ತಿರ ಹೊಲದಲ್ಲಿ ಒಂದು ಪಾಳುಬಾವಿ ಕಂಡಿತು. “ತಾತ, ಬಾವಿಯ ಮೇಲೆ ಕಲ್ಲುಕಂಬ ಯಾಕೆ?” ಎಂದಳು.

“ಅದು ಕಪಿಲೆ ಬಾವಿ ಕಣಮ್ಮ.”

ಕೊಳವೆಬಾವಿಗಳು ಸಾವಿರ ಅಡಿ ದಾಟುವ ಮೊದಲು, ಪಂಪ್‌ಸೆಟ್ಟೂ ಬರುವ ಮೊದಲು, ಈ ಸೀಮೆಯ ಹೊಲಗಳಿಗೆ ನೀರೆತ್ತಿದ್ದು ಕಪಿಲೆ. ದೊಡ್ಡದೊಂದು ತೊಗಲ ಚೀಲ; ಮೇಲೆ ಅಗಲ ಬಾಯಿ, ಕೆಳಗೆ ಆನೆಯ ಸೊಂಡಿಲಿನಂಥ ಕೊಳವೆ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಹೋದಂತೆ ಚೀಲ ಮೇಲೆ ಬಂದು ಸೊಂಡಿಲಿನಿಂದ ಕಾಲುವೆಗೆ ನೀರು ಸುರಿಯುತ್ತಿತ್ತು. ಹಸಿ ಚರ್ಮವಾಗಿದ್ದರೆ ನೀರಿನಲ್ಲಿ ನಾಲ್ಕೇ ದಿನಕ್ಕೆ ಕೊಳೆಯುತ್ತಿತ್ತು. ಕೊಳೆಯದಂತೆ ಹದ ಮಾಡುತ್ತಿದ್ದುದು ಇದೇ ತಂಗಡಿಯ ತೊಗಟೆಯ ಒಗರು.

ಇನ್ನೊಂದು ಮಾತನ್ನೂ ಅವಳಿಗೆ ಹೇಳಿದೆ. ಆ ಚೀಲ ತಂದ ನೀರಿನಲ್ಲಿ ಬೆಳೆದದ್ದನ್ನು ಊರೆಲ್ಲ ಉಂಡಿತು. ಚೀಲ ಹೊಲಿದವರನ್ನು ಮಾತ್ರ ಊರ ಬಾವಿಯ ಹತ್ತಿರ ಸೇರಿಸಲಿಲ್ಲ. “ಅವರೇ ಮಾಡಿದ್ದಲ್ವಾ?” ಎಂದಳು. ನಿಮ್ಮ ಮನೆಯ ಹಿರಿಯರನ್ನೂ ಹೀಗೇ ಕೇಳಿ ನೋಡಿ. ಇದೇ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಅದೂ ಚರ್ಮದ ವಾದ್ಯವೇ. ಬೆಂಕಿಗೆ ಹಿಡಿದು ಬಿಗಿ ಮಾಡಿಕೊಂಡು ಬಾರಿಸುತ್ತಾರೆ.

ಚಿಂತಾಮಣಿಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಸಿಕ್ಕಿದರು. ತೊಗಟೆಯಲ್ಲಿ ಹದ ಮಾಡಿದ ಒಂದು ತುಂಡು ಅವರ ಬಳಿ ಇತ್ತು. ನೀರು ಚಿಮುಕಿಸಿ, “ಉಗುರಲ್ಲಿ ಒತ್ತಮ್ಮ” ಎಂದರು. ಗುರುತು ಹಾಗೇ ಉಳಿಯಿತು. ಈಗಿನ ಶೂಗಳ ಚರ್ಮವನ್ನು ಹೆಚ್ಚಾಗಿ ಕ್ರೋಮಿಯಂ ಲವಣದಲ್ಲಿ ಹದ ಮಾಡುತ್ತಾರೆ. ಅದು ಮೆತ್ತಗೆ, ಒತ್ತಿದರೂ ಮತ್ತೆ ಚಪ್ಪಟೆಯಾಗುತ್ತದೆ. ಡಬ್ಬಿಗೆ ಬೇಕಾದ್ದು ತೊಗಟೆಯ ಚರ್ಮವೇ.

ಡಬ್ಬಿಯ ಒಳಗಿನ ಅಳತೆಗೆ ಒಂದು ಮರದ ತುಂಡು ಬೇಕು. ಅಂಚು, ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿರಬೇಕು. ಅದು ತೂರುವಂಥ ಕಿಂಡಿ ಕೊರೆದ ಒಂದು ಹಲಗೆಯೂ ಬೇಕು. ಚರ್ಮ 2 ಮಿ.ಮೀ. ದಪ್ಪವಿದ್ದರೆ ಕಿಂಡಿ ಉದ್ದಕ್ಕೂ ಅಗಲಕ್ಕೂ 4 ಮಿ.ಮೀ. ಹೆಚ್ಚಿರಲಿ. ಚರ್ಮವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ನೆನೆಸಿ. ಕುದಿಯುವ ನೀರು ಬೇಡವೇ ಬೇಡ, ಸುರುಟಿಕೊಳ್ಳುತ್ತದೆ. ಮರದ ಮೇಲೆ ಹೊದಿಸಿ, ಹಲಗೆಯನ್ನು ಮೇಲಿಂದ ಒತ್ತಿ ಇಳಿಸಿ, ಭಾರ ಹೇರಿ. ಮೂಲೆಗಳಲ್ಲಿ ಸುಕ್ಕು ಕೂರುತ್ತದೆ. ಅಲ್ಲಿ ಅವಸರ ಮಾಡದೆ ಬೆರಳಿನಿಂದ ಎಳೆದು ಎಳೆದು ಸವರಬೇಕು. ಕಬ್ಬಿಣದ ಮೊಳೆ ಹೊಡೆದರೆ ಒದ್ದೆ ಚರ್ಮ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ, ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದುದೂ ಒಗರು-ಕಬ್ಬಿಣದ ಇದೇ ಗುಣದಿಂದ.

ನಮ್ಮದು ಗೌರಿಬಿದನೂರಿನ ನೆಂಟರ ಮನೆಯಲ್ಲಿ ಎರಡು ದಿನ ನೆರಳಲ್ಲಿ ಒಣಗಿತು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಅಚ್ಚಿನಿಂದ ಬಿಡಿಸಿ, ಹೆಚ್ಚಾದ ಅಂಚನ್ನು ನಾನೇ ಕತ್ತರಿಸಿಕೊಟ್ಟೆ. ಆ ಕೆಲಸ ದೊಡ್ಡವರದು. ಒಂದು ಮೂಲೆಯಲ್ಲಿ ಸುಕ್ಕು ಉಳಿದಿದೆ. ಆದರೂ ಪೆನ್ಸಿಲ್ ಚೂರು, ರಬ್ಬರು, ಎರಡು ಗೋಲಿ ಅದರಲ್ಲಿ ಸೇರಿಯಾಗಿದೆ. ಮುಚ್ಚಳಕ್ಕೆ ಉದ್ದಗಲ ಎರಡರಲ್ಲೂ 5 ಮಿ.ಮೀ. ದೊಡ್ಡದಾದ ಇನ್ನೊಂದು ಅಚ್ಚು ಬೇಕಂತೆ. ನಾಳೆ ಬಡಗಿಯ ಹತ್ತಿರ ಹೋಗಬೇಕು.