ಬಿ.ಎಚ್. ರಸ್ತೆಯಿಂದ ಬಸವನಗುಡಿಗೆ

ತಿಪಟೂರು
ಭಾನುವಾರ ರಾತ್ರಿ

ಪ್ರೀತಿಯ ಶಶಿ,

ತಿಪಟೂರಿಗೆ ಹೋದವಳು ಕೊಬ್ಬರಿ ರೇಟಿನ ಜೊತೆಗೆ ಪೇಟೆಬೀದಿಯನ್ನೂ ನೋಡಿಕೊಂಡು ಬಾ, ಶನಿವಾರ ಭಾನುವಾರ ಅಲ್ಲಿ ಕಾರು ಬೈಕು ಬಿಡದೇ ಇದ್ದರೆ ಏನಾಗುತ್ತೆ ಅಂತ ಹೇಳು ಅಂದಿದ್ದೆಯಲ್ಲ. ನಿನ್ನ ಬಸವನಗುಡಿಯ ಗಾಂಧಿ ಬಜಾರನ್ನು ವಾರದ ಕೊನೆಗೆ ಗಾಡಿಗಳಿಗೆ ಮುಚ್ಚಬೇಕು ಅನ್ನುವ ಹುಳ ನಿನ್ನ ತಲೆಗೆ ಹೊಕ್ಕಿದ್ದು ಇವತ್ತು ನಿನ್ನೆಯಲ್ಲ, ಗೊತ್ತು. ಚಿಕ್ಕಮ್ಮ ಮಲಗಿದ್ದಾರೆ, ಕರೆಂಟು ಇನ್ನೂ ಇದೆ. ಬರೆದು ಮುಗಿಸುತ್ತೇನೆ.

ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರಿನಲ್ಲೂ ಬಿ.ಎಚ್. ರಸ್ತೆ, ಭದ್ರಾವತಿಯಲ್ಲೂ ಬಿ.ಎಚ್. ರಸ್ತೆ, ಶಿವಮೊಗ್ಗದಲ್ಲೂ ಅದೇ. ದೂರ ಹೋಗುವವರಿಗೆ ಅದು ಹೆದ್ದಾರಿ, ಊರಿನವರಿಗೆ ಪೇಟೆ. ತಿಪಟೂರಿನಲ್ಲಿ ಈ ಎರಡೂ ಒಂದರ ಮೇಲೊಂದು ಕೂತಿವೆ. ಮದುವೆ ಸೀರೆ ಅಂಗಡಿ ಮುಂದೆ ಅರಸೀಕೆರೆ ಬಸ್ಸು ಹಾರನ್ ಹೊಡೆಯುತ್ತಾ ನಿಂತಿರುತ್ತೆ. ಬಸ್ಸಿನ ಮುಂದೆ ಲಗೇಜ್ ಆಟೋ, ಅದರ ಮುಂದೆ ಯಾರೋ ಪಾತ್ರೆ ಅಂಗಡಿಯವರ ಜೊತೆ ಚೌಕಾಸಿ ಮಾಡುತ್ತಾ ಬೈಕಿನ ಮೇಲೇ ಕೂತಿರುತ್ತಾರೆ, ಇಂಜಿನ್ ಕೂಡ ಆಫ್ ಮಾಡದೆ. ಫುಟ್‌ಪಾತ್ ಅಂತ ಒಂದಿದೆ. ಅದರ ಮೇಲೆ ಪ್ಲಾಸ್ಟಿಕ್ ಕೊಡ, ಚೇರು, ಕೊಡೆ ಎಲ್ಲ ನಿಂತಿವೆ. ಮನುಷ್ಯರು ರಸ್ತೆ ಮೇಲೆ.

ಕೊಬ್ಬರಿ ಹರಾಜಿನ ದಿನ ಗೊಬ್ಬರದಂಗಡಿ ಮುಂದೆ ಒಬ್ಬರು ತಮ್ಮ ಟಿವಿಎಸ್ ಎಕ್ಸೆಲ್‌ಗೆ ಸಾಮಾನು ಕಟ್ಟುತ್ತಿದ್ದರು. ನಾನು ನಿಂತು ನೋಡಿದೆ. ಕಾಲಿಡುವ ಜಾಗದಲ್ಲಿ ಅಡ್ಡಲಾಗಿ ಹಿಂಡಿ ಮೂಟೆ. ಹಿಂದೆ ಸುರುಳಿ ಸುತ್ತಿದ ಡ್ರಿಪ್ ಪೈಪು, ಆ ಸುರುಳಿಯ ನಡುವಿನ ಖಾಲಿ ಜಾಗಕ್ಕೆ ಸರಿಯಾಗಿ ಇಳಿದು ಕೂತ ಒಂದು ಸ್ಟೀಲ್ ಕೊಳಗ, ಕೊಳಗದೊಳಗೆ ಬೇಳೆ, ಸಕ್ಕರೆ, ಸೋಪು. ಹ್ಯಾಂಡಲಿಗೆ ಹೂವಿನ ಪೊಟ್ಟಣ. ಹಳೇ ಟ್ಯೂಬಿನ ರಬ್ಬರನ್ನು ಹಲ್ಲು ಕಚ್ಚಿ ಎಳೆದು, ಸುತ್ತಿ, ಗಂಟು ಹಾಕಿದರು. ಒಮ್ಮೆ ಗಾಡಿ ಅಲ್ಲಾಡಿಸಿ ನೋಡಿದರು. ಹೊರಟೇ ಹೋದರು, ಹೊನ್ನವಳ್ಳಿ ಕಡೆಗೆ.

ಈಗ ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟ್ ನೆನಪು ಮಾಡಿಕೋ. 2020ರ ನವೆಂಬರ್ 7, ಶನಿವಾರ ಶುರುವಾಯಿತು; 2021ರ ಫೆಬ್ರುವರಿ ಕೊನೆಯವರೆಗೆ ಪ್ರತಿ ಶನಿವಾರ ಭಾನುವಾರ ಗಾಡಿ ಬಂದ್. ನಗರ ಭೂಸಾರಿಗೆ ನಿರ್ದೇಶನಾಲಯದ ಪ್ರಯೋಗ ಅದು. ಭಾರತೀಯ ವಿಜ್ಞಾನ ಸಂಸ್ಥೆಯವರು ಗಾಳಿ ಅಳೆದರು. ನಾವಿಬ್ಬರೂ ಮಾಸ್ಕ್ ಹಾಕಿಕೊಂಡು, ಎಡಬಲ ನೋಡದೆ, ರಸ್ತೆಯ ನಟ್ಟನಡುವೆ ನಡೆದೆವು. ಬ್ರಿಗೇಡ್ ರಸ್ತೆ ತುದಿಯಿಂದ ಸೇಂಟ್ ಮಾರ್ಕ್ಸ್ ರಸ್ತೆ ತುದಿಯವರೆಗೆ ಸುಮಾರು ಮುಕ್ಕಾಲು ಕಿಲೋಮೀಟರು. 2018ರಲ್ಲೇ ಕಲ್ಲು ಹಾಸಿ, ಪಾದಚಾರಿ ಜಾಗ ಅಗಲ ಮಾಡಿ ಇಟ್ಟಿದ್ದ ಬೀದಿ. ಕೆಲವು ಅಂಗಡಿಯವರು ಖುಷಿಪಟ್ಟರು, ಕೆಲವರು ಗೊಣಗಿದರು, ಅಷ್ಟರಲ್ಲಿ ಕೋವಿಡ್‌ನ ಎರಡನೇ ಅಲೆ ಬಂತು.

ಆವತ್ತು ನಾವು ಏನು ಹೊತ್ತುಕೊಂಡು ಮನೆಗೆ ಹೋದೆವು ಹೇಳು? ಬ್ಲಾಸಮ್‌ನಿಂದ ನೀನು ಕೊಂಡ ಎರಡು ಹಳೇ ಪುಸ್ತಕ. ಕಾಫಿ ಹೌಸಿನ ಕಾಫಿ ಹೊಟ್ಟೆಯಲ್ಲೇ ಇತ್ತು. ಎಂ.ಜಿ. ರಸ್ತೆ ಮೆಟ್ರೋ ಪಕ್ಕದಲ್ಲೇ. ಚರ್ಚ್ ಸ್ಟ್ರೀಟಿಗೆ ಬರುವವರಲ್ಲಿ ಹಿಂಡಿ ಮೂಟೆ ಹೊರುವವರು ಯಾರೂ ಇಲ್ಲ. ಅಲ್ಲಿನ ವ್ಯಾಪಾರ ಪುಸ್ತಕ, ಊಟ, ಬಿಯರು, ಕಿವಿಯೋಲೆ. ಕೈಚೀಲ ತುಂಬಿದರೆ ಹೆಚ್ಚು. ಅದಕ್ಕೇ ಆ ಬೀದಿ ಸಲೀಸಾಗಿ ಮುಚ್ಚಿಕೊಂಡಿತು. ಗಾಳಿ ಎಷ್ಟು ಕೆಟ್ಟಿದೆ, ರಸ್ತೆ ಎಷ್ಟು ಅಗಲ, ಗದ್ದಲ ಎಷ್ಟು ಅನ್ನುವುದು ಆಮೇಲಿನ ಮಾತು. ಗಿರಾಕಿ ಮನೆಗೆ ಎಷ್ಟು ಭಾರ ಒಯ್ಯುತ್ತಾನೆ, ಎಷ್ಟು ದೂರ ಒಯ್ಯುತ್ತಾನೆ ಅನ್ನುವುದು ಮೊದಲನೆಯದು. ನಿನ್ನ ನಗರ ಯೋಜನೆಯ ಗೆಳೆಯರು ಇದನ್ನು ಒಪ್ಪುತ್ತಾರೋ ಇಲ್ಲವೋ, ನನಗಂತೂ ಆ ಎಕ್ಸೆಲ್ ನೋಡಿದ ಮೇಲೆ ಬೇರೆ ಥರ ಯೋಚಿಸಲು ಆಗುತ್ತಿಲ್ಲ.

ಇನ್ನೊಂದು ವಿಷಯ. ಇವತ್ತು ಭಾನುವಾರ ಸಂಜೆ ಅದೇ ರಸ್ತೆಯಲ್ಲಿ ನಡೆದು ಬಂದೆ. ನಾನು ಕಂಡ ಮಟ್ಟಿಗೆ ಅರ್ಧಕ್ಕರ್ಧ ಶಟರು ಇಳಿದಿತ್ತು. ಇಂಥ ದಿನ ಮುಚ್ಚಿ ಯಾರಿಗೇನು ಲಾಭ? ವಾರಾಂತ್ಯ ಅನ್ನುವುದು ಬೆಂಗಳೂರಿನ ಕ್ಯಾಲೆಂಡರು. ಇಲ್ಲಿನ ವಾರ ತಿರುಗುವುದು ಸಂತೆಯ ಸುತ್ತ, ಕೊಬ್ಬರಿ ಹರಾಜಿನ ಸುತ್ತ. ಎಪಿಎಂಸಿಯಲ್ಲಿ ವಾರಕ್ಕೆ ಎರಡು ಸಲ ಹರಾಜು. ರೇಟು ಚೆನ್ನಾಗಿ ಬಂದ ದಿನ ದುಡ್ಡು ಮಾರುಕಟ್ಟೆಯಿಂದ ನೇರ ಬಿ.ಎಚ್. ರಸ್ತೆಗೆ ಇಳಿಯುತ್ತದೆ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ ಇತ್ತು; ಅದಕ್ಕೂ ನಾಫೆಡ್ ಖರೀದಿ ಕೇಂದ್ರದ ಮುಂದೆ ಹೆಸರು ಬರೆಸಲು ಜನ ಸಾಲುಗಟ್ಟಿ ನಿಲ್ಲಬೇಕಿತ್ತು. 2025ರಲ್ಲಿ ಪೇಟೆಯ ಬೆಲೆಯೇ 20,000 ದಾಟಿ ಮೇಲಕ್ಕೆ ಹೋಯಿತು. ಖುಷಿಪಡಬೇಕಾದ ಚಿಕ್ಕಮ್ಮ ಹೊಟ್ಟೆ ಉರಿದುಕೊಂಡರು. ಮರದಲ್ಲಿ ಕಾಯಿ ಇದ್ದಾಗ ಬೆಲೆ ಇರಲಿಲ್ಲ, ಬಿಳಿ ನೊಣ, ಕಪ್ಪು ತಲೆ ಹುಳು ಬಿದ್ದು ಇಳುವರಿ ಕುಸಿದ ಮೇಲೆ ಬೆಲೆ ಬಂತು ಅಂತ.

ಈ ಕೊಬ್ಬರಿ ಒಣಗುವ ಅಟ್ಟ ನೋಡಿದ್ದೀಯಾ ನೀನು? ನೋಡಬೇಕು. ತೋಟದ ಮನೆಯ ಅಟ್ಟಕ್ಕೆ ಏಣಿ ಹಾಕಿಕೊಂಡು ಹತ್ತಿದೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಲ್ಲಿ ರಾಶಿ ಹಾಕಿ ಸುಮ್ಮನೆ ಬಿಟ್ಟುಬಿಡುತ್ತಾರೆ, ಹತ್ತಿರ ಹತ್ತಿರ ಒಂದು ವರ್ಷ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಮಚ್ಚಿನ ತುದಿಯಿಂದ ಕರಟವನ್ನು ಚೂರು ಚೂರೇ ಹಾರಿಸುತ್ತಾರೆ. ಉಂಡೆಗೆ ಏಟು ಬಿದ್ದು ಒಡೆದರೆ ದರ ಇಳಿಯಿತು. ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬರು ನನ್ನ ಜೊತೆ ಮಾತಾಡುತ್ತಲೇ ಒಂದರ ಹಿಂದೊಂದು ಬಿಡಿಸಿ ಹಾಕಿದರು, ಒಂದಕ್ಕೂ ಗಾಯವಿಲ್ಲ. ನನ್ನ ಕೈಗೆ ಮಚ್ಚು ಕೊಡಲೇ ಇಲ್ಲ, ಜಾಣರು.

ಈ ಉಂಡೆಗಳು ಹೋಗುವುದು ಉತ್ತರಕ್ಕೆ. ನಾವು ಚಟ್ನಿಗೆ, ಹೋಳಿಗೆ ಸಾರಿಗೆ ಬಳಸುವುದು ಲೆಕ್ಕಕ್ಕಿಲ್ಲ. ದೆಹಲಿ, ರಾಜಸ್ಥಾನ, ಉತ್ತರಪ್ರದೇಶದ ಮದುವೆ, ಹಬ್ಬಗಳೇ ಇದಕ್ಕೆ ಗಿರಾಕಿ. ದೆಹಲಿಯಲ್ಲಿ ಒಣಹಣ್ಣಿನ ದೊಡ್ಡ ಸಗಟು ಪೇಟೆ ಖಾರಿ ಬಾವಲಿ. ಖಾರಿ ಬಾವಲಿ ಶುರುವಾಗುವ ಫತೇಪುರಿ ಮಸೀದಿಯಿಂದ ಕೆಂಪು ಕೋಟೆಯವರೆಗಿನ ಚಾಂದನಿ ಚೌಕ ಇದೆಯಲ್ಲ, ಅದಕ್ಕೆ 2021ರಲ್ಲಿ ಹೊಸ ರೂಪ ಕೊಟ್ಟರು. ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ಗಾಡಿ ಬಿಡುವಂತಿಲ್ಲ, ಸೈಕಲ್ ರಿಕ್ಷಾ ಮಾತ್ರ. ವಾರದ ಕೊನೆಗಲ್ಲ, ದಿನಾ. ನಿಯಮ ಮುರಿಯುವವರು ಇದ್ದೇ ಇದ್ದಾರೆ, ಬೈಕುಗಳು ನುಗ್ಗುತ್ತವೆ ಅನ್ನುವ ದೂರೂ ಇದೆ. ಆದರೂ ನನಗೆ ಅದರಲ್ಲಿ ಕಾಣುವ ಬುದ್ಧಿವಂತಿಕೆ ಗಂಟೆಯದು. ಭಾರಕ್ಕೆ ರಾತ್ರಿ ಬಿಟ್ಟುಕೊಟ್ಟು ಹಗಲನ್ನು ಕಾಲಿಗೆ ಕೊಟ್ಟಿದ್ದಾರೆ. ಕೊಪನ್‌ಹೇಗನ್ನಿನ ಸ್ಟ್ರೋಯೆಟ್ ಬೀದಿ 1962ರಲ್ಲಿ ಕಾರುಗಳಿಗೆ ಮುಚ್ಚಿತು, ಬೊಗೊಟಾದಲ್ಲಿ 1974ರಿಂದ ಭಾನುವಾರದ ಸೈಕಲ್ ದಾರಿ ಅಂತೆಲ್ಲ ನೀನು ಹೇಳುತ್ತಿರುತ್ತೀಯ. ಅವಕ್ಕಿಂತ ಈ ಚಾಂದನಿ ಚೌಕವೇ ನಮಗೆ ಹತ್ತಿರದ ಪಾಠ. ನಮ್ಮ ಥರದ್ದೇ ಗಿಜಿಗಿಜಿ, ನಮ್ಮ ಥರದ್ದೇ ತಲೆಹೊರೆ.

ತಿಪಟೂರು ಈ ಕೆಲಸದ ಅರ್ಧವನ್ನು ಹೆಸರಿಡದೆ ಮಾಡಿಕೊಂಡಿದೆ. ಕೊಬ್ಬರಿ ಲಾರಿ ಪೇಟೆಬೀದಿಯಲ್ಲಿ ನಿಂತು ಮೂಟೆ ಏರಿಸುವುದಿಲ್ಲ. ಅದಕ್ಕೆ ಎಪಿಎಂಸಿ ಪ್ರಾಂಗಣ ಬೇರೆಯೇ ಇದೆ. ಎಲ್ಲಕ್ಕಿಂತ ಭಾರದ ಸರಕಿಗೆ ಅದರದೇ ಅಂಗಳ ಆಯಿತು. ಉಳಿದದ್ದು ಗೊಬ್ಬರ, ಹಿಂಡಿ, ಪೈಪು, ಸಿಮೆಂಟು. ತುಮಕೂರು–ಶಿವಮೊಗ್ಗ ನಾಲ್ಕು ಪಥದ ರಸ್ತೆಯಿಂದ ದೂರದ ಗಾಡಿಗಳ ಕಾಟ ತಪ್ಪಿದರೂ ಈ ಮೂಟೆಗಳ ಗಾಡಿ ತಪ್ಪುವುದಿಲ್ಲ, ಅವು ಈ ಬೀದಿಗೇ ಬರಬೇಕಾದವು.

ನಿನ್ನೆ ಬಸ್ಸಿನಲ್ಲಿ ಕೆ.ಬಿ. ಕ್ರಾಸಿಗೆ ಹೋಗಿ, ಅಲ್ಲಿಂದ ತುರುವೇಕೆರೆಗೆ ಹೋಗಿದ್ದೆ. ಹೊಯ್ಸಳರ ಕಾಲದ ಗುಡಿಗಳ ಬಗ್ಗೆ ಬೇರೆ ಕಾಗದ ಬರೆಯುತ್ತೇನೆ, ಇಲ್ಲಿ ತುರುಕಿದರೆ ಅವಕ್ಕೆ ಅನ್ಯಾಯ. ಬೇಟೆರಾಯಸ್ವಾಮಿ ತೇರು ಎಳೆಯುವ ದಿನ ಇಲ್ಲಿ ಗಾಡಿ ಬಿಡುತ್ತಾರಾ ಅಂತ ಹೋಟೆಲಿನವರನ್ನು ಕೇಳಿದೆ. ನನ್ನ ಮುಖ ನೋಡಿ, 'ತೇರಿನ ದಿನ ಗಾಡಿ ಎಲ್ಲಿಂದ ಬರ್ತದೆ?' ಅಂದರು. ಪ್ರಶ್ನೆಯೇ ಅವರಿಗೆ ವಿಚಿತ್ರ. ಚಿಕ್ಕನಾಯಕನಹಳ್ಳಿಯಲ್ಲಿ ತಾತಯ್ಯನ ಉರುಸು, ತಿಪಟೂರಿನಲ್ಲಿ ಸತ್ಯಗಣಪತಿ ವಿಸರ್ಜನೆಯ ಮೆರವಣಿಗೆ, ಆ ದಿನಗಳಲ್ಲೂ ಬೀದಿ ಜನರ ಪಾಲು. ಅಧಿಸೂಚನೆ, ಪ್ರಯೋಗ, ಪಾಲುದಾರರ ಸಭೆ ಯಾವುದೂ ಬೇಡ. ಅವತ್ತು ಜನ ಕೊಳ್ಳುವುದು ಪುರಿ, ಬತ್ತಾಸು, ಬಳೆ, ಮಕ್ಕಳಿಗೆ ಪೀಪಿ. ಹಿಂಡಿಯನ್ನು ಹಿಂದಿನ ವಾರವೇ ತಂದಿಟ್ಟುಕೊಂಡಿರುತ್ತಾರೆ. ಯಾವ ದಿನ ಬೀದಿ ತಮ್ಮದಲ್ಲ ಅನ್ನುವುದು ಗಾಡಿಯವರಿಗೆ ಮೊದಲೇ ಗೊತ್ತಿರುತ್ತದೆ, ಅಷ್ಟೇ.

ನಿನ್ನ ಮನೆ ಬಾಗಿಲಲ್ಲೇ ಇದಕ್ಕೆ ಸಾಕ್ಷಿ ಇದೆ. ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆ ಮುಚ್ಚುತ್ತಾರಲ್ಲ, ನೀನು ಆಫೀಸಿಗೆ ಸುತ್ತಿಕೊಂಡು ಹೋಗುತ್ತೀಯ, ಗೊಣಗುತ್ತೀಯ, ಸಂಜೆ ಎರಡು ಸೇರು ಹಸಿ ಕಾಯಿ ಹಿಡಿದು ನಡೆದೇ ಮನೆಗೆ ಬರುತ್ತೀಯ. ಅದು ಸೋಮವಾರ ಬರುತ್ತದೆ, ಕೆಲಸದ ದಿನ. ಆದರೂ ನಡೆಯುತ್ತದೆ.

ಚಿಕ್ಕಮ್ಮನಿಗೆ ಈ ಮಾತೆಲ್ಲ ಹೇಳಿ, ಬಿ.ಎಚ್. ರಸ್ತೆ ಭಾನುವಾರ ಮುಚ್ಚೋಣವಾ ಅಂತ ಕೇಳಿದೆ. 'ಮುಚ್ಚೋದು ಯಾಕೆ? ದಾಟೋಕೆ ಬಿಟ್ರೆ ಸಾಕು' ಅಂದರು. ಮಂಡಿ ನೋವಿನವರು. ಎದುರುಗಡೆ ಹೂವಿನವಳ ಹತ್ತಿರ ಹೋಗಬೇಕಾದರೆ ಯಾರಾದರೂ ಹುಡುಗರ ಕೈ ಹಿಡಿದುಕೊಳ್ಳಬೇಕು. ಅವರು ಕೇಳುತ್ತಿರುವುದು ಕೊಡ, ಚೇರು ಇಲ್ಲದ ಫುಟ್‌ಪಾತು, ಗಾಡಿಗಳು ಒಂದು ಗಳಿಗೆ ನಿಲ್ಲುವ ಎರಡು ಜಾಗ. ಕಲ್ಲು ಹಾಸು ಬೇಡ, ಉದ್ಘಾಟನೆ ಬೇಡ. ಈ ಊರಿನ ಮಟ್ಟಿಗೆ ನನ್ನ ಓಟು ಚಿಕ್ಕಮ್ಮನಿಗೆ.

ಗಾಂಧಿ ಬಜಾರಿನ ವಿಷಯ ಬೇರೆ. ಅಲ್ಲಿ ಮುಚ್ಚಬಹುದು ಅಂತಲೇ ನನಗನಿಸುತ್ತದೆ. ಹೂವು, ಹಣ್ಣು, ಗ್ರಂಥಿಗೆ, ದೋಸೆ. ಜನ ಒಯ್ಯುವುದು ಹಗುರ, ಹೋಗುವುದು ಹತ್ತಿರ. ವರಮಹಾಲಕ್ಷ್ಮಿ ಹಿಂದಿನ ದಿನ ಬಾಳೆಕಂದು ಹೊರುವುದೊಂದೇ ಕಷ್ಟ, ಅದಕ್ಕೆ ಆಟೋ ತುದಿಯಲ್ಲಿ ನಿಂತರೆ ಆಯಿತು. ಕಾರು ಬರುವುದು ಭಾರ ಹೊರಲು ಅಲ್ಲ, ಅಭ್ಯಾಸಕ್ಕೆ. ಆದರೆ ಅಂಗಡಿಯವರ ಜೊತೆ ಮಾತಿಗೆ ಕೂತಾಗ ಗಾಳಿಯ ಅಂಕಿ ಅಂಶ ಹಿಡಿದು ಶುರು ಮಾಡಬೇಡ. ನಿಮ್ಮ ಮಾಲು ಎಷ್ಟು ಗಂಟೆಗೆ ಇಳಿಯುತ್ತೆ, ಯಾರು ಇಳಿಸುತ್ತಾರೆ, ಲಾರಿ ಎಲ್ಲಿ ನಿಲ್ಲುತ್ತೆ ಅಂತ ಕೇಳು. ಹೂವಿನವರು ಬೆಳಗಿನ ಜಾವವೇ ಇಳಿಸಿ ಮುಗಿಸಿರುತ್ತಾರೆ, ಅವರನ್ನು ಒಪ್ಪಿಸುವುದು ಸುಲಭ. ದಿನಸಿಯವರನ್ನು ಕೊನೆಗೆ ಇಟ್ಟುಕೋ. ಮುಚ್ಚುವ ದಿನವನ್ನು ಅವರೇ ಆರಿಸಲಿ. ಅವರು ಭಾನುವಾರ ಬೇಡ, ಗುರುವಾರ ಅಂದರೆ ಗುರುವಾರವೇ ಸರಿ ಅನ್ನು, ಹಟ ಮಾಡಬೇಡ. ಅಕ್ಕಪಕ್ಕದ ಅಡ್ಡರಸ್ತೆಯ ಮನೆಗಳವರನ್ನೂ ಕರೆ. ಬಜಾರಿನಿಂದ ಓಡಿಸಿದ ಕಾರುಗಳು ಹೋಗಿ ನಿಲ್ಲುವುದು ಅವರ ಗೇಟಿನ ಮುಂದೆ. ಚರ್ಚ್ ಸ್ಟ್ರೀಟಿನಲ್ಲಿ ನಡೆಯುವಾಗ ಆ ಪಕ್ಕದ ಗಲ್ಲಿಗಳ ಕಡೆ ನಾವು ತಿರುಗಿ ನೋಡಲಿಲ್ಲ ಅನ್ನುವುದು ನೆನಪಿರಲಿ.

ನಾನು ಬುಧವಾರ ಸಂಜೆ ರೈಲಿಗೆ ಹೊರಟು ಬರುತ್ತಿದ್ದೇನೆ, ಯಶವಂತಪುರದಲ್ಲಿ ಇಳಿಯುತ್ತೇನೆ. ಚಿಕ್ಕಮ್ಮ ನಿನ್ನ ಮನೆಗೆ ಒಂದು ಮೂಟೆ, ನಮ್ಮ ಮನೆಗೆ ಒಂದು ಮೂಟೆ ಕಾಯಿ ಕಟ್ಟಿಸಿ ಆಗಿದೆ, ಬೇಡ ಅಂದರೆ ಕೇಳುವವರಲ್ಲ. ಕಾರು ತಗೊಂಡು ಸ್ಟೇಷನ್ನಿಗೆ ಬಾ.

ನಿನ್ನ
ಗಿರಿಜಾ