ಖಾರ ಕುಟ್ಟುವ ತಿಂಗಳು

ಬ್ಯಾಡಗಿ ಪೇಟೆಗೆ ಹೊಸ ಮೆಣಸಿನಕಾಯಿ ಜನವರಿಗೇ ಬರತೊಡಗಿದರೂ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಖಾರದ ಮಾತು ಏಳುತ್ತಿದ್ದುದು ಶಿವರಾತ್ರಿ ಕಳೆದ ಮೇಲೆ. ಮೊದಲ ಮಾಲಿನಲ್ಲಿ ಹಸಿ ಉಳಿದಿರುತ್ತದೆ, ನೀರಿಗೂ ರೊಕ್ಕ ಕೊಟ್ಟ ಹಾಗಾಗುತ್ತದೆ ಎಂದು ಅಪ್ಪ ತಡೆಯುತ್ತಿದ್ದ. 1980ರ ಆಸುಪಾಸು. ಮನೆಗೆ ಒಂದೇ ಪಗಾರ, ಉಣ್ಣುವವರು ಎಂಟು ಮಂದಿ. ವರ್ಷದ ಖಾರ ಒಮ್ಮೆಲೇ ಆಗಬೇಕು. ಬಣ್ಣಕ್ಕೆ ಬ್ಯಾಡಗಿ, ಅದರಲ್ಲೂ ಕೈಗೆಟುಕಿದರೆ ಡಬ್ಬಿ ತಳಿ, ಇಲ್ಲದಿದ್ದರೆ ಕಡ್ಡಿ. ಅದಕ್ಕೆ ಖಾರ ಕೊಡಲು ಸ್ವಲ್ಪ ಗುಂಟೂರು.

ಅಂಗಡಿಯಲ್ಲಿ ಎರಡು ದರ. ತುಂಬು, ಅಂದರೆ ತೊಟ್ಟು, ಬಿಡಿಸಿದ ಕಾಯಿಗೆ ಹೆಚ್ಚು, ತುಂಬು ಇದ್ದದ್ದಕ್ಕೆ ಕಡಿಮೆ. ತೊಟ್ಟು ಮುರಿಯುವುದು ಬ್ಯಾಡಗಿಯಲ್ಲಿ ಸಾವಿರಾರು ಹೆಣ್ಣುಮಕ್ಕಳ ಹೊಟ್ಟೆಪಾಡು. ಆ ಕೂಲಿ ನಮ್ಮ ಮನೆಯಲ್ಲೇ ಉಳಿಯಲಿ ಎಂದು ಅಪ್ಪ ತುಂಬು ಇದ್ದದ್ದನ್ನೇ ಚೀಲ ತುಂಬಿಸಿ ತರುತ್ತಿದ್ದ. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಕಾಯಿ ಹರವಿದರೆ ಮಕ್ಕಳೆಲ್ಲ ಸುತ್ತ ಕೂತೆವು ಅಂತಲೇ. ಹೆಬ್ಬೆರಳಿನಿಂದ ತುಂಬಿನ ಬುಡ ಒತ್ತಿ ಸಣ್ಣಗೆ ತಿರುವಬೇಕು. ಟೊಪ್ಪಿಗೆ ಸಮೇತ ಬರಬೇಕು, ಬೀಜ ಚೆಲ್ಲಬಾರದು. ಬಿಳಿಗಾಯಿ ಕಂಡರೆ ಬೇರೆ ಗುಂಪಿಗೆ. "ತಮ್ಮಾ, ಕಣ್ಣಿಗಿ ಕೈ ಹಚ್ಚಬ್ಯಾಡೋ" ಎಂದು ಅವ್ವ ಅನ್ನುವಷ್ಟರಲ್ಲಿ ಯಾರದೋ ಕೈ ಕಣ್ಣಿಗೆ ಹೋಗಿಯೇ ಇರುತ್ತಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದರೂ ಬೆರಳು ಉರಿಯುವುದು ನಿಲ್ಲುತ್ತಿರಲಿಲ್ಲ.

ಒಂದು ವರ್ಷ ಅವ್ವ ಬಿಡಿಸಿದ ತುಂಬನ್ನೆಲ್ಲ ತಕ್ಕಡಿಗೆ ಹಾಕಿದಳು. "ಇದಕ್ಕೂ ಕಾಯಿ ದರಾನ ಕೊಟ್ಟು ತಂದೀರಲ್ರೀ." ಅಪ್ಪನ ಉಳಿತಾಯದಲ್ಲಿ ಒಂದು ಪಾಲು ಕಸದ ಬುಟ್ಟಿಗೆ ಹೋಗುತ್ತಿದ್ದುದು ಆಗ ಗೊತ್ತಾಯಿತು. ಆದರೂ ಅವಳೇ ಮುಂದಿನ ವರ್ಷ ತುಂಬು ಇದ್ದದ್ದನ್ನೇ ತರಿಸಿದಳು. ಬಿಡಿಸಿದ ಮಾಲಿನಲ್ಲಿ ಬಿಳಿಗಾಯಿ, ಒಡಕು ಏನು ಸೇರಿಸಿದರೂ ತಿಳಿಯುವುದಿಲ್ಲ ಎಂಬುದು ಅವಳ ಕಾರಣ. ನನಗೆ ಈಗಲೂ ಅಪ್ಪನ ಲೆಕ್ಕಕ್ಕಿಂತ ಈ ಕಾರಣವೇ ಗಟ್ಟಿ ಅನ್ನಿಸುತ್ತದೆ.

ಕಾಯಿ ಮುರಿದರೆ ಕಟ್ ಅನ್ನುವಷ್ಟು ಒಣಗಿದ ಮೇಲೆ ಮಸಾಲಿ ಹುರಿಯುವ ಕೆಲಸ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಲವಂಗ, ಚಕ್ಕಿ, ಒಣಕೊಬ್ಬರಿ, ಒಂದೊಂದಕ್ಕೆ ಒಂದೊಂದು ಹದ. ಅದು ಅಜ್ಜಿಯ ಕಡೆಗೆ. ಘಾಟು ಏಳುವ ಹೊತ್ತಿಗೆ ಅಪ್ಪನಿಗೆ ಪೇಟೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ನಾನು ಸಣ್ಣವನಿದ್ದಾಗ ಓಣಿಯಲ್ಲಿ ಖಾರ ಕುಟ್ಟುವ ಹೆಣ್ಣುಮಕ್ಕಳು ಬರುತ್ತಿದ್ದರು. ಒಂದೇ ಒರಳಿಗೆ ಇಬ್ಬರು. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯಬೇಕು. ಅವರಿಗೆ ಕೂಲಿ, ಊಟ, ಹೋಗುವಾಗ ಒಂದು ಬಟ್ಟಲು ಖಾರ. ಕೈ ಬಿಗಿಯಾದ ವರ್ಷ ಅವ್ವ ಅವರನ್ನು ಕರೆಯದೆ ಬಾಜೂ ಮನೆ ಅಕ್ಕನ ಜೊತೆ ಮುಯ್ಯಿ ಮಾಡಿಕೊಂಡಳು. ಇವತ್ತು ನಮ್ಮ ಒರಳು, ನಾಳೆ ಅವರದು. ಎರಡೂ ಮನೆಗೆ ಕೂಲಿ ಉಳಿಯಿತು. ಆ ಹೆಣ್ಣುಮಕ್ಕಳಿಗೆ ಎಷ್ಟು ಮನೆ ಕಡಿಮೆಯಾದವೋ ನಾವು ಕೇಳಲಿಲ್ಲ. ಆಮೇಲೆ ಖಾರ ಕುಟ್ಟುವ ಗಿರಣಿ ಬಂತು. ಸಾಲಾಗಿ ನಿಂತ ಕಬ್ಬಿಣದ ಒನಕೆಗಳು ತಾವೇ ಎದ್ದು ಬೀಳುವವು, ಮುಖಕ್ಕೆ ಅರಿವೆ ಕಟ್ಟಿಕೊಂಡ ಒಬ್ಬ ಜರಡಿ ಹಿಡಿಯುವವನು. ಮಾರ್ಚ್, ಏಪ್ರಿಲ್‌ನಲ್ಲಿ ಆ ರಸ್ತೆಯಲ್ಲಿ ಸೀನದೆ ದಾಟಿದವರಿಲ್ಲ. ನಮ್ಮ ಪಾಳಿ ಬರುವ ತನಕ ಡಬ್ಬಿ ಕಾಯುವುದು ಗಂಡುಮಕ್ಕಳ ಕೆಲಸ, ಮುಂದಿನವರ ಖಾರ ನಮ್ಮದರಲ್ಲಿ ಕೂಡದಂತೆ ನೋಡಬೇಕಲ್ಲ.

ಕುಟ್ಟುವ ಕೆಲಸ ಹೋದದ್ದು ಗಿರಣಿಯಿಂದ, ವರ್ಷದ ಖಾರ ಹೋದದ್ದು ಶೀತಗೃಹಗಳಿಂದ. ಬ್ಯಾಡಗಿ ಸುತ್ತ ಅವು ಎದ್ದ ಮೇಲೆ ಕಾಯಿ ಎಲ್ಲ ತಿಂಗಳೂ ಸಿಗತೊಡಗಿತು. ಸುಗ್ಗಿಯಲ್ಲೇ ಕೊಳ್ಳಬೇಕೆಂಬ ಅವಸರ ಹೋಯಿತು. ಇತ್ತ ಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಗಳೂ ಗಿರಾಕಿಗಳಾದವು. ಲಿಪ್‌ಸ್ಟಿಕ್ಕಿಗೂ ಹೋಗುವ ಬಣ್ಣವದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಒಳ್ಳೆಯ ಡಬ್ಬಿ ಕಾಯಿಯ ದರ ಕೇಳಿ ಈಗ ನಾವು ಕಡ್ಡಿಯ ಕಡೆಗೇ ಹೊರಳುತ್ತೇವೆ. ಪಾಕೀಟಿನ ಖಾರ ಕೆಟ್ಟದ್ದೇನಲ್ಲ. ಮೂರು ಮಂದಿಯ ಮನೆಗೆ ಅದೇ ಅಗ್ಗ ಬೀಳುತ್ತದೆ.

ಆದರೂ ಬೇಸಿಗೆಗೊಮ್ಮೆ ಅಣ್ಣನ ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ಕಾಯಿ ಬಿಡಿಸಿದ್ದೇ ಬರುತ್ತದೆ. ನಿವೃತ್ತಿಯಾದ ಮೇಲೆ ಹುರಿಯುವ ಬಾಣಲೆ ಅಣ್ಣನ ಕೈಗೆ ಬಂದಿದೆ; ಮೆಂತ್ಯ ಮಾತ್ರ ಒಂದೊಂದು ಸಲ ಕಪ್ಪಾಗುತ್ತದೆ. ಖಾರ ತೂಗಿ ಹಂಚಿದ ಮೇಲೆ ಅವನ ಮಗಳು ಫೋನಿನಲ್ಲಿ ಲೆಕ್ಕ ಹಾಕಿ ಯಾರ ಪಾಲಿನ ಖರ್ಚು ಎಷ್ಟು ಎಂದು ಕಳಿಸುತ್ತಾಳೆ. ಹೋದ ವರ್ಷ ಅದರಲ್ಲಿ "ಹುರಿದ ಕೂಲಿ" ಎಂದು ಒಂದು ಸಾಲು ಸೇರಿಸಿ, ಅಷ್ಟನ್ನು ಅವಳ ಅಪ್ಪನ ಪಾಲಿನಿಂದ ಕಳೆದಿದ್ದಳು. ಅತ್ತಿಗೆ ಓದಿ, "ಹಂಗಾರ ಅತ್ತಿಯಾರದು, ನಂದು ಕೂಡಿ ಹಿಂದಿನ ಬಾಕಿ ಎಷ್ಟಾತು, ಅದನ್ನೂ ಹಾಕು" ಅಂದಳು. ನಾವೆಲ್ಲ ನಕ್ಕೆವು. ಅಣ್ಣ ಮಾತ್ರ ತನ್ನ ಕೂಲಿ ಬಿಟ್ಟುಕೊಡಲಿಲ್ಲ.